ಉಸಿರಿಗೆ ಬಾಡಿಗೆ

ಸ್ಪಿರಿಟ್ಟಿನ ವಾಸನೆ, ಅದೇ, ಅಮ್ಮ ಪಂಪ್ ಸ್ಟೌವ್ ಹೊತ್ತಿಸುವ ಮೊದಲು ಅದರ ಬಟ್ಟಲಿಗೆ ಸುರಿಯುತ್ತಿದ್ದಳಲ್ಲ, ನೀಲಿ ಜ್ವಾಲೆ ಭಗ್ಗನೆ ಏಳುವ ಮುಂಚೆ ಮೂಗಿಗೆ ತಣ್ಣಗೆ ಹತ್ತುತ್ತಿದ್ದದ್ದು, ತಂಗಿ ಮೂಗು ಚಾಚಿಕೊಂಡು ಹತ್ತಿರ ಹತ್ತಿರ ಹೋಗುವಳು, ಹುಬ್ಬು ಸುಟ್ಕೋತೀಯೇ ಕತ್ತೆ ಎಂದು ಅಮ್ಮ ಜಡೆ ಹಿಡಿದು ಹಿಂದಕ್ಕೆಳೆಯಬೇಕು — ಈಗ ಅದೇ ವಾಸನೆ ನನ್ನ ಅಂಗೈಯಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ ಹಚ್ಚಿಕೊಂಡ ಸ್ಯಾನಿಟೈಸರಿನದು, ತಂಗಿ ಮಾತ್ರ ಮೇಲಿನ ಮಹಡಿಯ ಐಸಿಯುನಲ್ಲಿ, ನಾನು ಕೆಳಗೆ, ಬಿಲ್ ಕೌಂಟರಿನ ಎದುರಿನ ಕುರ್ಚಿಯಲ್ಲಿ, ಬೆಳಿಗ್ಗೆಯಿಂದ, ಎರಡೂ ಪಕ್ಕದ ಕುರ್ಚಿಗಳಿಗೆ ಯಾರೂ ಕೂರದಂತೆ ಕೆಂಪು ಟೇಪು, ಮಾಸ್ಕಿನ ಉಸಿರಿಗೆ ಕನ್ನಡಕ ಮಂಜಾಗುತ್ತದೆ, ಒರೆಸಿ ಬಿಲ್ಲನ್ನು ಮತ್ತೆ ಓದುತ್ತೇನೆ, ಹಾಸಿಗೆ, ಸರಿ, ಔಷಧಿ, ಸರಿ, ನನ್ನ ತಂಗಿಯನ್ನು ಉಳಿಸಿಕೊಟ್ಟಿದ್ದೀರಿ, ಅದಕ್ಕೆ ನನ್ನ ಪಿಂಚಣಿಯ ಗಂಟು, ಅವಳ ಬಳೆ, ಎರಡನ್ನೂ ಚಕಾರವೆತ್ತದೆ ಸುರಿದಿದ್ದೇವೆ, ಆದರೆ ಈ ಸಾಲು, ವೆಂಟಿಲೇಟರ್, ನಿನ್ನೆಗೂ, ಇವತ್ತಿಗೂ. ಗಂಟಲೊಳಗೆ ಕೊಳವೆ ಇಳಿಸಿ ಯಂತ್ರವೇ ಉಸಿರಾಡಿಸುತ್ತೆ ಎಂದು ಇವರ ಡಾಕ್ಟರೇ ಬೆರಳಾಡಿಸಿ ತೋರಿಸಿದ್ದರು, ಅದು ಇರುವ ತನಕ ಮಾತಿಲ್ಲ, ಬಾಯಿಗೆ ತೊಟ್ಟು ನೀರಿಲ್ಲ ಅಂತ, ಹಾಗಾದರೆ ನಿನ್ನೆ ನರ್ಸ್ ಹುಡುಗಿ ಫೋನಿನಲ್ಲಿ ನಗುತ್ತ ಹೇಳಿದ್ದೇನು, ಅಮ್ಮಾ, ನಿಮ್ಮ ತಂಗಿ ಟೀಗೆ ಸಕ್ಕರೆ ಕಮ್ಮಿ ಆಯ್ತು ಅಂತ ನನ್ ಹತ್ರ ಜಗಳ ಆಡ್ತಿದ್ದಾರೆ, ಇನ್ನೊಂದು ಚಮಚ ಹಾಕ್ಲಾ? ಹಾಕು ತಾಯಿ, ಅವಳು ಜಗಳ ಆಡ್ತಿದ್ದಾಳೆ ಅಂದ್ರೆ ಬದುಕಿದಳು ಅಂತ ಲೆಕ್ಕ. ಆ ಹುಡುಗಿ ನನಗೆ ಫೋನ್ ಮಾಡಲೇಬೇಕೆಂದೇನಿರಲಿಲ್ಲ, ಈ ಮುದುಕಿ ರಾತ್ರಿ ನಿದ್ದೆ ಮಾಡಲಿ ಅಂತ ಮಾಡಿದಳು.

ತಂಗಿಯ ಮಗ ಮಾತ್ರ ಸೋತುಹೋಗಿದ್ದಾನೆ, ದೊಡ್ಡಮ್ಮ, ವಾದ ಬೇಡ, ಬಾಕಿ ಕಟ್ಟೋವರೆಗೆ ಅಮ್ಮನ್ನ ವಾರ್ಡಿಗೆ ಇಳಿಸಲ್ಲ, ದಿನಾ ಬಿಲ್ ಏರ್ತಾನೇ ಇರುತ್ತೆ, ನನ್ನ ಜೆರಾಕ್ಸ್ ಮಿಷನ್ ಕೊಟ್ಬಿಡ್ತೀನಿ, ಸಂಜೆ ಒಬ್ಬ ನೋಡೋಕೆ ಬರ್ತಾನೆ. ಅದೇ ಕಣೋ ನಿನ್ನ ಅನ್ನ, ಮುಟ್ಟಬೇಡ, ಆ ಸಾಲು ಹೊಡೆದುಹಾಕೋವರೆಗೆ ನಾನು ಈ ಕುರ್ಚಿಯಿಂದ ಏಳಲ್ಲ. ಎದ್ರೆ? ಎದ್ರೆ ಮಾರು. ಅಷ್ಟು ದೊಡ್ಡ ಮಾತು ಯಾಕಾಡಿದೆನೋ, ಮಂಡಿ ಈಗ ಸೇಡು ತೀರಿಸಿಕೊಳ್ಳುತ್ತಿದೆ, ಆದರೂ ಏಳುವುದಿಲ್ಲ. ಗಾಜಿನಾಚೆಯ ಹುಡುಗಿ, ಪಾಪ, ಮಾಸ್ಕಿನ ದಾರಕ್ಕೆ ಅವಳ ಕಿವಿಯ ಹಿಂದೆ ಹುಣ್ಣಾಗಿದೆ, ಆಂಟಿ, ಅದು ಪ್ಯಾಕೇಜು, ಐಸಿಯುನಲ್ಲಿ ಇರೋವರೆಗೆ ಬರುತ್ತೆ. ಹಾಗಾದ್ರೆ ಐಸಿಯುನಿಂದ ಕಳಿಸಿ. ಬಾಕಿ ಕಟ್ಟಿದ್ರೆ ಕಳಿಸ್ತಾರೆ. ಬಾಕಿ ಬೆಳೀತಿರೋದೇ ಕಳಿಸದೇ ಇರೋದ್ರಿಂದ ಅಲ್ಲವೇನಮ್ಮ? ಅವಳು ಒಳಗೆ ಫೋನ್ ಮಾಡಿದಳು, ಮ್ಯಾನೇಜರ್ ಬಂದ, ಅಜ್ಜಿ, ನಿಮಗೆ ಇದೆಲ್ಲ ಅರ್ಥ ಆಗಲ್ಲ ಎಂದ — ಅಜ್ಜಿಯಂತೆ, ಇವನ ತಲೆಯಲ್ಲೇನು ಕರಿ ಕೂದಲು ಉಳಿದಿದೆಯೇ — ಕಾಲೇಜಿನಲ್ಲಿ ಪಾಠ ಮಾಡುವಾಗ ಕೊನೆಯ ಬೆಂಚಿಗೂ ಕೇಳುತ್ತಿದ್ದ ದನಿಯಲ್ಲೇ ಕೇಳಿದೆ, ಗಂಟಲಲ್ಲಿ ಕೊಳವೆ ಇರೋವಳು ಟೀ ಹೆಂಗೆ ಕುಡೀತಾಳೆ ಸ್ವಾಮಿ? ಸರದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು, ಅವನ ಮುಖ ಬಿಗಿಯಿತು, ಟೀ ಕುಡಿದ್ರು ಅಂತ ಯಾರು ಹೇಳಿದ್ದು ನಿಮಗೆ? ಅಲ್ಲಿ ನನ್ನ ನಾಲಿಗೆ ತಡೆಯಿತು, ಹೇಳಿದರೆ ಆ ನರ್ಸ್ ಹುಡುಗಿಯ ಕೆಲಸ ಹೋಗುತ್ತದೆ, ಹೇಳದಿದ್ದರೆ ನಾನು ಸುಳ್ಳಿ, ಸುಳ್ಳಿಯೇ ಆಗಲಿ. ಯಾರೂ ಹೇಳಬೇಕಾಗಿಲ್ಲ, ನೀವೇ ಮೇಲೆ ಹೋಗಿ ಅವಳನ್ನ ಕೇಳಿ, ಬಾಯಿ ಇದೆ, ಆದ್ರೆ ಬೈದ್ರೆ ನಾನು ಜವಾಬ್ದಾರಿ ಅಲ್ಲ. ಸರದಿಯಲ್ಲಿ ಯಾರೋ ಕಿಸಕ್ಕೆಂದರು, ಅವನು ಬಿಲ್ಲು ಕಿತ್ತುಕೊಂಡು ಒಳಗೆ ಹೋದ.

ಅರೆ ತೆರೆದ ಬಾಗಿಲಿನಿಂದ ಅವನ ದನಿ, ಮೊದಲು ಆ ಅಜ್ಜಿನ ಎಬ್ಬಿಸಿ ಹೊರಗೆ ಕಳಿಸಪ್ಪ, ನೋಡಿದವರೆಲ್ಲ ಶುರು ಹಚ್ಕೋತಾರೆ — ಬರಲಿ, ಎತ್ತಿಕೊಂಡೇ ಹೋಗಲಿ, ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದೇನೆ, ಬೂಟಿನ ಸದ್ದು, ಸೆಕ್ಯುರಿಟಿಯವನು, ಮೇಲೆ ಅವಳು ತಾನಾಗಿ ಉಸಿರಾಡುತ್ತಿದ್ದಾಳೆ, ತಾನಾಗಿ, ಅದಕ್ಕೆ ಬಾಡಿಗೆ ಕೊಡುವುದಿಲ್ಲ, ಬೂಟುಗಳು ನನ್ನ ಮುಂದೆ ನಿಂತವು, ಅಮ್ಮಾ, ನಿಮ್ಮನ್ನ ಎಬ್ಬಿಸು ಅಂದಿದ್ದಾರೆ. ಗೊತ್ತು ಕಣಪ್ಪ, ಕೇಳಿಸ್ತು. ಅವನು ಅತ್ತ ಹೋದ, ಮತ್ತೆ ಬಂದ, ಕಣ್ಣೆತ್ತಿದರೆ ಅವನ ಎರಡೂ ಕೈಯಲ್ಲಿ ಮುಚ್ಚಳ ತೆಗೆದ ಸ್ಟೀಲಿನ ಡಬ್ಬಿ, ಅನ್ನ, ಅದರ ಮೇಲೆ ಒಂದು ಚಮಚ, ದನಿ ತಗ್ಗಿಸಿ ಅಂದ, ಊಟಕ್ಕೆ ಕೂತವರನ್ನ ಎಬ್ಬಿಸೋಕೆ ನನ್ನಿಂದ ಆಗಲ್ಲ ಅಂತ ಹೇಳ್ತೀನಿ, ನಿಧಾನಕ್ಕೆ ಉಣ್ಣಿ, ಆದಷ್ಟೂ ನಿಧಾನಕ್ಕೆ — ಎಂದು ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟ.