ಕಾಯ್ದಿಟ್ಟ ಜಾಗ

ನನ್ನ ಅಳಿಯ ಖಾಲಿ ಕುರ್ಚಿಯನ್ನು ನಂಬುವವರಲ್ಲ. ಇಡೀ ಕೋಣೆ ಬಣಗುಡುತ್ತಿದ್ದರೂ "ಇದು ಯಾರದು?" ಎಂದು ವಿಚಾರಿಸಿಯೇ, ಅದೂ ಅಂಚಿಗೆ ಕೂರುತ್ತಾರೆ. ಮೊಣಕೈ ಸವೆದ ಬೂದು ಕೋಟು, ಜೇಬಿನ ತುಂಬ ತಂತಿಯ ತುಂಡು, ಗೋಡೆ ಸವರಿಕೊಂಡು ಹೋಗುವ ಬೆಕ್ಕಿನ ನಡಿಗೆ, ಮಾತಿಗೊಮ್ಮೆ "ಅದರ ಜಾಗ ಅದಕ್ಕೆ." ನನ್ನ ಮಗಳು ಇಂಥವರ ಜೊತೆ ಹೇಗೆ ಬಾಳುತ್ತಾಳೋ ಎಂದುಕೊಂಡಿದ್ದೆ, ಬಾಳಿದಳು, ನಗುನಗುತ್ತಲೇ.

ಹೆರಿಗೆ ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ನೋಡಿಕೊಳ್ಳುವುದು ಅವರ ಕೆಲಸ. ದಾದಿಯರು ಇಟ್ಟ ಹೆಸರು ಪೀಠಾಧಿಪತಿ. ಅಲ್ಲಿ ಯಂತ್ರಗಳಿಗೆ ವಿಳಾಸದ ನಂಬರು ಹಂಚುವ ಪೆಟ್ಟಿಗೆಯೊಂದಿದೆಯಂತೆ. ಅದರ ಪಾಡಿಗೆ ಬಿಟ್ಟರೆ, ಬಂದವರ ಕೈಗೆ ಸಿಕ್ಕಿದ ನಂಬರು ತುರುಕಿ ಸುಮ್ಮನಾಗುತ್ತದಂತೆ. ನಿನ್ನೆಯ ವಿಳಾಸ ನಂಬಿ ಕಳಿಸಿದ್ದು ಇವತ್ತು ಯಾರ ಬಾಗಿಲಿಗೋ. ಅದಕ್ಕೇ ಇವರು ಪ್ರಿಂಟರು ಗಿಂಟರಿಗೆಲ್ಲ, ಕಾರ್ಖಾನೆಯಲ್ಲೇ ಒಂದೊಂದರ ಮೇಲೂ ಬರೆದು ಬರುವ ಹುಟ್ಟುಗುರುತು ನೋಡಿ, ಒಂದೊಂದು ನಂಬರು ಕಾಯ್ದಿರಿಸಿದ್ದಾರೆ. ಆ ಗುರುತಿನದು ಬಂದರಷ್ಟೇ ಆ ನಂಬರು.

ಮೊಮ್ಮಗಳು, ಅಂದರೆ ಅವರ ಮಗಳೇ, ಅಲ್ಲಿಯೇ ಹೆತ್ತಳು. ಕೂಸಿಗೆ ಕಾಮಾಲೆ. ರಕ್ತದ ರಿಪೋರ್ಟು ಚೆನ್ನಾಗಿದ್ದರೆ ಮನೆ, ಇಲ್ಲದಿದ್ದರೆ ಮತ್ತೆ ನೀಲಿ ದೀಪದ ಕೆಳಗೆ. ಕಾಗದ ನೋಡದೆ ಡಾಕ್ಟರಮ್ಮ ಬಿಡರು. ಲ್ಯಾಬಿನವರು ಕಳಿಸಿಯಾಯಿತು ಎನ್ನುತ್ತಾರೆ. ವಾರ್ಡಿನ ಪ್ರಿಂಟರು ಮಾತ್ರ ಬಾಯಿ ಬಿಡದು.

"ಅಪ್ಪಾ, ಊರಿಗೆಲ್ಲ ಪೀಠ ಕೊಟ್ರಿ, ನನ್ನ ಮಗೂನ ಮನೆಗೆ ಕಳಿಸೋಕಾಗಲ್ವಾ?" ಎಂದಳು ಮೊಮ್ಮಗಳು.

"ಸಾರ್, ನಿನ್ನೆ ಹಳೇದು ಕೆಟ್ಟೋಯ್ತಲ್ಲ, ಇದನ್ನ ನೀವೇ ತಾನೆ ತಂದಿಟ್ಟಿದ್ದು?" ಎಂದಳು ದಾದಿ.

ಅಳಿಯ ಹೊಸ ಪ್ರಿಂಟರಿನ ಬಳಿ ಹೋಗಿ ಬಗ್ಗಿ ನೋಡಿದರು.

"ತಂದಿಟ್ಟಿದ್ದು ಇದನ್ನ. ಜಾಗ ಇನ್ನೂ ಕಾಯ್ದಿಟ್ಟಿರೋದು ಸತ್ತಿರೋ ಹಳೇದಕ್ಕೆ."

ನಂಬರು ಹಂಚುವ ಪೆಟ್ಟಿಗೆಯಲ್ಲಿ ಹಳೆಯದರ ಗುರುತು ಅಳಿಸಿ, ಹೊಸದನ್ನು ತಿರುಗಿಸಿ ಬೆನ್ನ ಮೇಲಿನ ಗುರುತು ಓದಿ, ಅದೇ ನಂಬರಿಗೆ ಅದನ್ನು ಕೂರಿಸಿದರು. ಒಮ್ಮೆ ಆರಿಸಿ ಹಚ್ಚಿದ್ದೇ ತಡ, ಪ್ರಿಂಟರು ಗೊರಗುಟ್ಟಿ ಕಾಗದ ಉಗುಳಿತು. ಕಾಮಾಲೆ ಇಳಿದಿತ್ತು.

ಕೂಸನ್ನು ಮಡಿಲಿಗೆ ತೆಗೆದುಕೊಂಡು ನಾನು ಚುಚ್ಚಿದೆ: "ಅಲ್ರೀ ಅಳಿಯಂದಿರೇ, ಮನೇಲಿ ತೊಟ್ಟಿಲಿಗಾದ್ರೂ ಜಾಗ ಮಾಡಿದೀರಾ?"

"ನನ್ನ ಮಂಚ ಹಜಾರಕ್ಕೆ ಹಾಕಿ ಆಯ್ತು, ಅತ್ತೆ."

ಇಂಥ ಜನರೇ ಹೀಗೆ. ಹೋದದ್ದರ ಜಾಗ ತೆಗೆಯಲು ಅವರಿಗೆ ಒಂದು ದಿನ ತಡವಾದೀತು; ಬರುವವರಿಗೆ ತಮ್ಮದನ್ನು ಬಿಟ್ಟುಕೊಡಲು ತಡವಾಗುವುದೇ ಇಲ್ಲ.