ಬಾಯಿಲ್ಲದ ಪೆಟ್ಟಿಗೆ

ವ್ಯಾಪಾರದಲ್ಲಿ ತನಗೆ ಟೋಪಿ ಹಾಕುವವರು ಇನ್ನೂ ಹುಟ್ಟಿಲ್ಲ ಎಂದು ಕನ್ನಡಕದಂಗಡಿಯ ಸೊಸೆಗೆ ಬಲವಾದ ನಂಬಿಕೆ. ಹನ್ನೆರಡು ವರ್ಷದಿಂದ ಅವಳು ಗಿರಾಕಿಗಳ ಮುಂದೆ ಮೂರು ತಟ್ಟೆ ಇಡುತ್ತ ಬಂದವಳು. ಒಂದರಲ್ಲಿ ಅಗ್ಗದ ಫ್ರೇಮುಗಳು, ಇನ್ನೊಂದರಲ್ಲಿ ಬೆಲೆ ಕೇಳಿದರೇ ಬೆವರುವಂಥವು, ನಡುವಿನದರಲ್ಲಿ ಅವಳು ಮಾರಬೇಕೆಂದುಕೊಂಡವು. ದುಬಾರಿ ತಟ್ಟೆಗೆ ವರ್ಷಕ್ಕೆ ಇಬ್ಬರು ಕೈ ಹಾಕಿದರೆ ಹೆಚ್ಚು. ನಡುವಿನದು ಅಗ್ಗವೆನಿಸಲಿ ಎಂದೇ ಅದನ್ನು ಅಲ್ಲಿ ಇಡುತ್ತಿದ್ದಳು. ಅಗ್ಗದ್ದು ತೆಗೆದುಕೊಳ್ಳಲು ನಾಚಿಕೆ, ದುಬಾರಿಯದಕ್ಕೆ ಭಯ. ಗಿರಾಕಿಯ ಕೈ ತಾನಾಗಿಯೇ ನಡುವಿಗೆ ಹೋಗುತ್ತಿತ್ತು.

ಅದೇ ಅಂಗಡಿಯ ಇನ್ನೊಂದು ಮೂಲೆಯಲ್ಲಿ ಅತ್ತೆಯ ಗಡಿಯಾರ ರಿಪೇರಿಯ ಮೇಜಿತ್ತು. ನಲವತ್ತು ವರ್ಷ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದುಡಿದ ಹೆಂಗಸು ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದಳು. ಮೂಳೆ ಕೂಡಿಕೊಂಡರೂ ಬೆರಳುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಚಿಮಟ ಹಿಡಿದರೆ ಜಾರಿ ಬೀಳುತ್ತಿತ್ತು. ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವಾಕೆ ಮೀನು ಹಿಡಿಯುವ ವಿಡಿಯೋ ಗೇಮ್ ಆಡಿಸುತ್ತಿದ್ದಳು. ಬೆರಳಿನಿಂದ ಒತ್ತಬೇಕು, ಬಿಡಬೇಕು, ಮೆಲ್ಲಗೆ ದಾರ ಸುತ್ತಬೇಕು. ಅತ್ತೆಗೆ ಅದರ ಹುಚ್ಚೇ ಹಿಡಿಯಿತು.

ಚಿಕಿತ್ಸೆ ಮುಗಿದ ದಿನ ವ್ಯಾಯಾಮದಾಕೆ, "ಮನೇಲೂ ಆಡ್ತಾ ಇರಿ ಅಮ್ಮಾ, ಬಿಟ್ರೆ ಬೆರಳು ಹಾಗೇ ಬಿಗಿದುಬಿಡುತ್ತೆ. ಈ ಆಟ ಈಗ ಎಲ್ಲೂ ಸಿಗಲ್ಲ" ಎಂದು ತನ್ನ ಡಿಸ್ಕನ್ನೇ ಕೊಟ್ಟು ಕಳಿಸಿದಳು. ಅತ್ತೆ ಮತ್ತೆ ಮೇಜಿನ ಮುಂದೆ ಕೂರುತ್ತಾಳೋ ಇಲ್ಲವೋ ಎಂಬುದು ಈಗ ಆ ಡಿಸ್ಕಿನ ಮೇಲೆ ನಿಂತಿತ್ತು. ಅದನ್ನು ಆಡಿಸಲು ಟಿವಿಗೆ ಸಿಕ್ಕಿಸುವ ಒಂದು ಗೇಮ್ ಪೆಟ್ಟಿಗೆ ಬೇಕಿತ್ತು, ಅಷ್ಟೇ.

ಸೊಸೆ ಗೇಮ್ ಅಂಗಡಿಗೆ ಹೋದಳು. ಗಾಜಿನ ಮೇಜಿನ ಮೇಲೆ ಚಿಕ್ಕದು, ಮಧ್ಯದ್ದು, ಬಣ್ಣದ ದೀಪ ಮಿನುಗುವ ದೊಡ್ಡದು ಎಂದು ಮೂರು ಪೆಟ್ಟಿಗೆ ಸಾಲಾಗಿ ಕೂತಿದ್ದವು. ನೋಡಿದ್ದೇ ತಡ, ಅವಳಿಗೆ ನಗು ಉಕ್ಕಿತು. ಇವು ತನ್ನದೇ ಮೂರು ತಟ್ಟೆಗಳಲ್ಲವೇ!

ನಡುವಯಸ್ಸಿನ ಮಾರಾಟಗಾರ ಬೆಲೆಚೀಟಿಯನ್ನು ತೋಳುದ್ದ ದೂರ ಹಿಡಿದು ಓದುತ್ತ, "ಹೆಚ್ಚು ಜನ ಈ ಮಧ್ಯದ್ದನ್ನೇ ತಗೋತಾರೆ ಮೇಡಂ" ಎಂದ.

"ತಗೋತಾರೆ, ನಂಗೊತ್ತು. ನಂಗೆ ಆ ಚಿಕ್ಕದು ಕೊಡಿ."

"ಕೊಡ್ತೀನಿ, ಆದ್ರೆ ಅದ್ರಲ್ಲಿ ಒಂದು ವಿಷಯ..."

"ನಾನೂ ಹಾಗೇ ಶುರು ಮಾಡೋದು ಸ್ವಾಮಿ. ನಿಮ್ಮ ಬೇಳೆ ನನ್ನ ಹತ್ರ ಬೇಯಲ್ಲ. ಪ್ಯಾಕ್ ಮಾಡಿ."

ಅವನು ಪ್ಯಾಕ್ ಮಾಡಿದ. ದಾರಿಯುದ್ದಕ್ಕೂ ಸೊಸೆ ಯುದ್ಧ ಗೆದ್ದವಳಂತೆ ಬೀಗಿಕೊಂಡೇ ಬಂದಳು.

ಮನೆಯಲ್ಲಿ ಅವಳ ಗಂಡ ಪೆಟ್ಟಿಗೆಯನ್ನು ಟಿವಿಗೆ ಸಿಕ್ಕಿಸಿದ. ಅತ್ತೆ ಡಿಸ್ಕ್ ಹಿಡಿದು ಕಾದಳು. ಗಂಡ ಪೆಟ್ಟಿಗೆಯ ಮುಂದೆ ನೋಡಿದ, ಹಿಂದೆ ನೋಡಿದ, ಟಾರ್ಚ್ ಹಾಕಿ ಅಡಿಯನ್ನೂ ನೋಡಿದ. ಕೊನೆಗೆ ಅತ್ತೆಯೇ ಭೂತಗನ್ನಡಿ ಸಿಕ್ಕಿಸಿಕೊಂಡು ನಾಲ್ಕೂ ಮಗ್ಗುಲು ಪರೀಕ್ಷಿಸಿದಳು.

"ಇದಕ್ಕೆ ಬಾಯೇ ಇಲ್ವಲ್ಲೇ! ಡಿಸ್ಕ್ ಎಲ್ಲಿ ತುರುಕಲಿ?"

ಗಂಡ ಪುಸ್ತಿಕೆ ತೆಗೆದು ಓದಿದ. ಚಿಕ್ಕದು ಅಗ್ಗವಾಗಿದ್ದುದೇ ಅದಕ್ಕೆ. ಇಂಟರ್ನೆಟ್ಟಿನಲ್ಲಿ ಕೊಂಡ ಆಟಗಳು ಮಾತ್ರ ಅದರಲ್ಲಿ ಓಡುತ್ತಿದ್ದವು. ಸೊಸೆಯ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅತ್ತೆ ಡಿಸ್ಕನ್ನು ಎಡಗೈಯಲ್ಲಿ ಸೆರಗಿನಿಂದ ಒರೆಸಿ ಕವರಿಗೆ ಹಾಕಿದಳು. ಬೈದಿದ್ದರೇ ಎಷ್ಟೋ ವಾಸಿಯಿತ್ತು ಎಂದು ಸೊಸೆಗೆ ಅಳು ಬಂತು.

ಮಾರನೆಯ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಪೆಟ್ಟಿಗೆ ಹೊತ್ತುಕೊಂಡು ಗೇಮ್ ಅಂಗಡಿಗೆ ಹೋದರು. ಅತ್ತೆ ಮೂರರಲ್ಲಿ ಯಾವುದರ ಬೆಲೆಯನ್ನೂ ನೋಡಲಿಲ್ಲ. ಡಿಸ್ಕ್ ಮುಂದೆ ಹಿಡಿದು, "ಇದನ್ನ ನುಂಗೋದು ಯಾವುದಪ್ಪಾ?" ಎಂದಳು.

"ಮಧ್ಯದ್ದು ಸಾಕಮ್ಮಾ. ದೊಡ್ಡದಕ್ಕೆ ದೀಪ ಜಾಸ್ತಿ, ಅಷ್ಟೇ. ನಿನ್ನೆ ಮೇಡಂಗೆ ಇದನ್ನೇ ಹೇಳೋಕೆ ಹೋದೆ."

ಸೊಸೆ ಚಾವಣಿಯ ಫ್ಯಾನು ನೋಡುತ್ತ ನಿಂತಳು. ಮಾರಾಟಗಾರ ಬೆಲೆಯ ವ್ಯತ್ಯಾಸ ಮಾತ್ರ ತೆಗೆದುಕೊಂಡು ಬದಲಾಯಿಸಿ ಕೊಟ್ಟ. ಅತ್ತೆಯ ಕಣ್ಣು ಅವನ ಮಣಿಕಟ್ಟಿನ ಮೇಲಿತ್ತು.

"ನಿನ್ನ ವಾಚು ನಿಂತಿದ್ಯಲ್ಲಪ್ಪಾ."

"ವರ್ಷ ಆಯ್ತಮ್ಮಾ. ಯಾರೂ ರಿಪೇರಿ ಆಗಲ್ಲ ಅಂತಾರೆ."

"ಎರಡು ತಿಂಗಳು ಬಿಟ್ಟು ನಮ್ಮ ಕನ್ನಡಕದಂಗಡಿಗೆ ಬಾ" ಎಂದಳು ಅತ್ತೆ. ಚಿಮಟವನ್ನೂ ಹಿಡಿಯಲಾಗದ ಕೈಯ ಆ ಧೈರ್ಯ ಕಂಡು ಸೊಸೆ ಅವಳ ಸೆರಗು ಜಗ್ಗಿದಳು.

ಅಂದಿನಿಂದ ಮನೆಯಲ್ಲಿ ಮೀನಿನದೇ ಮಾತು. ಮೊದಲ ವಾರ ಒಂದೂ ಸಿಗಲಿಲ್ಲ. ಅತ್ತೆ ಮೀನುಗಳಿಗೆ ಬೈದ ಬೈಗುಳ ಕೇಳಿ ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿದರು. ಆಮೇಲೆ ದಿನಕ್ಕೆ ಎರಡು, ನಾಲ್ಕು, ಒಮ್ಮೆ ಹನ್ನೊಂದು!

ಹೇಳಿದ ದಿನಕ್ಕೆ ಸರಿಯಾಗಿ ಮಾರಾಟಗಾರ ಬಂದ. ವಾಚು ಅತ್ತೆಗೆ ಕೊಟ್ಟು, ಅವಳು ಕೊಟ್ಟ ಚೀಟಿಯನ್ನು ತೋಳುದ್ದ ದೂರ ಹಿಡಿದು ನೋಡಿ, "ನಂಗೊಂದು ಕನ್ನಡಕನೂ ಬೇಕು ಮೇಡಂ" ಎಂದ. ಸೊಸೆಯ ಕೈ ಅಭ್ಯಾಸಬಲದಿಂದ ಮೂರು ತಟ್ಟೆಗಳನ್ನೂ ಹೊರಗೆಳೆಯಿತು. ಅವನೂ ಅವುಗಳನ್ನು ನೋಡಿದ, ಅವಳ ಮುಖವನ್ನೂ ನೋಡಿದ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅವಳು ತಟ್ಟೆಗಳನ್ನು ಬದಿಗೆ ಸರಿಸಿ, "ಏನು ಓದೋಕೆ ಕಷ್ಟ ನಿಮ್ಗೆ?" ಎಂದು ಕೇಳಿದಳು. ಹನ್ನೆರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳು ಕೇಳಿದ್ದು ಅದೇ ಮೊದಲ ಸಲ.

"ಬೆಲೆಚೀಟಿ."

"ಅಷ್ಟಕ್ಕೆ ಈ ಅಗ್ಗದ್ದೇ ಧಾರಾಳ ಸಾಕು."

ಆಚೆ ಮೂಲೆಯಲ್ಲಿ ಅತ್ತೆ ಉಸಿರು ಬಿಗಿಹಿಡಿದು ಬಾಗಿದ್ದಳು. ಸಾಸಿವೆಗಿಂತ ಸಣ್ಣ ತಿರುಪೊಂದು ಚಿಮಟದ ತುದಿಯಲ್ಲಿ ಅಲುಗಾಡದೆ ನಿಂತಿತ್ತು. ಅದು ಮೆಲ್ಲಗೆ ಕೆಳಗಿಳಿದು ತನ್ನ ಗುಣಿಯಲ್ಲಿ ಕೂತಿತು. ಸೆಕೆಂಡಿನ ಮುಳ್ಳು ನಡುಗಿ, ಹೊರಟಿತು.

"ಸಿಕ್ತು ಕಣೇ ಮೀನು!" ಎಂದು ಅತ್ತೆ ಕೂಗಿದಳು.