ಏಡಿ ನೀರಿಗೆ ಪಾಚಿಯ ಅಂಟು

ಬೆಲ್ಗಾಸಿಮನ ದಾಳಿಂಬೆ ತೋಟದಲ್ಲಿ ಸ್ಪ್ರೇ ಪಂಪಿನ ನಾಜಲ್ ಮತ್ತೆ ಕಟ್ಟಿಕೊಂಡಿತು. ಅವನು ಅದನ್ನು ಬಿಚ್ಚಿ, ಒಳಗಿದ್ದ ಬಿಳಿಯ ಗಂಟನ್ನು ಉಗುರಿನಿಂದ ಕೆದಕಿ ತೆಗೆದು, ಅಣ್ಣನ ಮಗಳು ಜಾಜಿಯಾಳ ಮುಂದೆ ಹಿಡಿದ.

"ಇದೇನೇ ತಾಯಿ, ಕಾಯಿಗೆ ಹೊಡೆಯೋ ಔಷಧೀನೋ, ರೊಟ್ಟಿಗೆ ಹಚ್ಕೊಳ್ಳೋ ಗಿಣ್ಣೋ?"

"ಇನ್ನೊಂದ್ ಸಲ ಮಾಡಿ ನೋಡ್ತೀನಿ ಚಿಕ್ಕಪ್ಪ."

"ನೋಡು, ಬೇಡ ಅಂದೋರ್ಯಾರು? ಆದ್ರೆ ಬೂಷ್ಟು ನಿನ್ನ ಕೇಳ್ಕೊಂಡು ಬರಲ್ಲ. ನಾಳೆ ಸಂಜೆ ಒಳಗೆ ಈ ಒಂದು ಸಾಲಿಗೆ ಹೊಡೆದು ತೋರಿಸು. ಇಲ್ದಿದ್ರೆ ನಾಡಿದ್ದು ವಿಷ ಹೊಡೆಯೋನು ಬರ್ತಾನೆ. ಆಮೇಲೆ ನಿನ್ನ ಏಡಿ ಸಾರು ನೀನೇ ಕುಡಿ."

ವಿಷ ಬಿದ್ದ ಮರದ ಮೇಲೆ ಅವಳ ಪರೀಕ್ಷೆಗೆ ಬೆಲೆಯಿಲ್ಲ. ಕಡಲತಡಿಯ ಗಾಬೆಸ್ ಊರಿನ ಖರ್ಜೂರದ ನೆರಳಿನಲ್ಲಿ ಇಷ್ಟು ತೋಟಗಳಿದ್ದರೂ, ಓದಿದ ಹುಡುಗಿಯ ಕೈಗೆ ಒಂದು ಸಾಲು ಮರ ಬಿಟ್ಟುಕೊಟ್ಟವನು ಇವನೊಬ್ಬನೇ.

ಮರುದಿನ ಬೆಳಿಗ್ಗೆ ಜಾಜಿಯಾ ಮೀನುಗಾರರ ಸಂಘದವರು ಕೊಟ್ಟಿದ್ದ ಕೋಣೆಗೆ ಬಂದಾಗ ಮಬ್ರೂಕಾ ಆಗಲೇ ಹರೀಸಾ ಎಂಬ ಮೆಣಸಿನ ಚಟ್ನಿ ಸವರಿದ ರೊಟ್ಟಿ ತಿನ್ನುತ್ತ ಕುಳಿತಿದ್ದಳು. ಅವಳ ಗಂಡನ ಬಲೆಗಳನ್ನು ನೀಲಿ ಏಡಿಗಳು ವರ್ಷಾನುಗಟ್ಟಲೆ ಹರಿದು ಹಾಕಿದ್ದವು. ಈಗ ಅವುಗಳ ಚಿಪ್ಪನ್ನು ಕುಟ್ಟಿ, ಕ್ಷಾರದಲ್ಲಿ ಕುದಿಸಿ, ತೊಳೆದು, ಹಗುರವಾದ ಹುಳಿ ನೀರಿನಲ್ಲಿ ಕರಗಿಸಿ ಜಾಜಿಯಾಗೆ ಕೊಡುವುದು ಅವಳ ಕೆಲಸ. ಸೇಡು ತೀರಿಸಿಕೊಳ್ಳುವವಳ ಹುರುಪಿನಿಂದಲೇ ಕುಟ್ಟುತ್ತಿದ್ದಳು.

ಆ ಏಡಿ ನೀರಿನಲ್ಲಿ ಉದ್ದುದ್ದ ಎಳೆಗಳಿರುತ್ತವೆ, ಅವುಗಳ ಮೈತುಂಬ ಧನ ವಿದ್ಯುದಂಶ. ಸಮುದ್ರದ ಪಾಚಿಯಿಂದ ತೆಗೆದ ಅಂಟಿನಲ್ಲೂ ಅಂಥವೇ ಎಳೆಗಳು, ಆದರೆ ಋಣ ವಿದ್ಯುದಂಶದವು. ಎರಡನ್ನೂ ಕೂಡಿಸಿದರೆ ಯಾರೂ ಕಟ್ಟದೆಯೇ ಅವು ಒಂದಕ್ಕೊಂದು ಸುತ್ತಿಕೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗುತ್ತವೆ. ಬೂಷ್ಟು ತಡೆಯುವ ಎಣ್ಣೆಯನ್ನು ಆ ಉಂಡೆಗಳ ಹೊಟ್ಟೆಯಲ್ಲಿ ಅಡಗಿಸಬಹುದು. ಉಂಡೆಯ ಮೈಮೇಲೆ ಧನ ಅಂಶ ಉಳಿದರೆ ಅದು ದಾಳಿಂಬೆಯ ಸಿಪ್ಪೆಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಅದಕ್ಕೇ ಜಾಜಿಯಾ ಪಾಚಿಯ ಅಂಟನ್ನು ಪಾತ್ರೆಗೆ ಹಾಕಿ, ಏಡಿ ನೀರನ್ನು ತೊಟ್ಟು ತೊಟ್ಟಾಗಿ ಬಿಡುತ್ತಿದ್ದಳು. ಏಡಿಯ ಪಾಲು ಹೆಚ್ಚಾಗುವವರೆಗೂ ಬಿಡುತ್ತಿದ್ದಳು. ಕೊನೆಯ ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ಪಾತ್ರೆಯ ತಳದಲ್ಲಿ ಮಾತ್ರ ಗಂಟು.

"ನಿಧಾನ ಕಣೇ ಮಗಳೇ, ಚೆಲ್ಲೀಯೆ," ಎಂದಳು ಮಬ್ರೂಕಾ ಎಂದಿನಂತೆ. "ಆ ನೀರಿಗೆ ನನ್ನ ರಟ್ಟೆ ಬಿದ್ದುಹೋಗಿದೆ."

ಜಾಜಿಯಾ ಅಂದು ಕೊನೆಯ ಲೆಕ್ಕವನ್ನು ಮರೆತು ಪಾತ್ರೆಯನ್ನೇ ನೋಡುತ್ತ ಕುಳಿತಳು. ಮೊದಲ ತೊಟ್ಟುಗಳಿಗೆ ಅಂಟು ತೆಳುವಾಗಿ ಮಂಜಾಯಿತು. ಮಂಜು ಹಾಲಾಯಿತು. ಎರಡೂ ಕಡೆಯ ಅಂಶ ಸಮನಾಗುವ ಗಳಿಗೆ ಬರುತ್ತಿದ್ದ ಹಾಗೆ ಹಾಲು ಒಡೆಯಿತು. ಆಮೇಲೆ ಎಷ್ಟು ಏಡಿ ನೀರು ಬಿಟ್ಟರೂ ಆ ಗಂಟು ಬಿಚ್ಚಿಕೊಳ್ಳಲಿಲ್ಲ.

ಅವಳ ಕೈ ನಿಂತಿತು. ಮೈಮೇಲೆ ಒಂದೇ ಅಂಶ ಮಿಕ್ಕಿರುವ ತನಕ ಉಂಡೆಗಳು ಒಂದನ್ನೊಂದು ದೂರ ತಳ್ಳುತ್ತವೆ. ಎರಡೂ ಸಮವಾದಾಗ ತಳ್ಳುವುದಕ್ಕೆ ಏನೂ ಉಳಿಯದೆ ಒಂದರ ಮೇಲೊಂದು ಬಿದ್ದು ಅಂಟಿಕೊಳ್ಳುತ್ತವೆ. ತಾನು ಋಣದ ಕಡೆಯಿಂದ ಹೊರಟು ಧನದ ಕಡೆಗೆ ಹೋಗಲು ಪ್ರತಿ ಸಲವೂ ಆ ಸಮದ ಜಾಗವನ್ನು ದಾಟುತ್ತಿದ್ದಳು. ದಾಟುವುದೇ ಬೇಕಿರಲಿಲ್ಲ.

ಎದ್ದವಳೇ ಏಡಿ ನೀರಿನ ಕ್ಯಾನನ್ನು ಎತ್ತಿ ತೊಳೆದ ಪಾತ್ರೆಗೆ ಗಳಗಳನೆ ಸುರಿದಳು.

"ಅಯ್ಯಯ್ಯೋ! ತಲೆಗಿಲೆ ಕೆಟ್ಟಿದೆಯೇನೇ?" ಮಬ್ರೂಕಾ ರೊಟ್ಟಿ ಬಿಸುಟು ಎದ್ದಳು. "ಅಷ್ಟೂ ಹುಯ್ದೆಯಲ್ಲೇ! ಇನ್ನು ಒಂದ್ ತೊಟ್ಟಿಲ್ಲ!"

"ಬೈಬೇಡ ಮಬ್ರೂಕಕ್ಕ, ಪಾಚಿ ಅಂಟು ಕೊಡು. ಇವತ್ತು ತೊಟ್ಟು ತೊಟ್ಟಾಗಿ ಬೀಳೋದು ಅದು."

"ಕೆಟ್ರೆ?"

"ಕೆಟ್ರೆ ನಾನೇ ಕುಟ್ತೀನಿ."

"ನೀನು ಕುಟ್ಟೋದನ್ನ ಏಡಿ ನೋಡಿದ್ರೆ ಸತ್ತದ್ದೂ ಎದ್ದು ನಗುತ್ತೆ," ಎಂದು ಗೊಣಗುತ್ತಲೇ ಅವಳು ಅಂಟಿನ ಸೀಸೆ ಕೊಟ್ಟಳು.

ಎಣ್ಣೆ ಕದಡಿದ ಅಂಟು ತೊಟ್ಟು ತೊಟ್ಟಾಗಿ ಬಿತ್ತು. ಮಂಜು ಬಂತು, ಹಾಲು ಬಂತು. ಸಮವಾಗುವುದಕ್ಕೆ ಇನ್ನೂ ಬೇಕಾದಷ್ಟು ದೂರವಿರುವಾಗಲೇ ಜಾಜಿಯಾ ಕೈ ಹಿಂದೆಗೆದಳು. ಇಬ್ಬರೂ ಕಾದರು. ಮಬ್ರೂಕಾ ಎರಡು ಸಲ ಚಹಾ ಕಾಯಿಸಿದಳು. ಪಾತ್ರೆಯನ್ನು ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿದಾಗ ಒಳಗೆ ನೀಲಿ ಛಾಯೆಯ ತೆಳು ಹಾಲು. ತಳದಲ್ಲಿ ಒಂದು ಚೂರೂ ಗಂಟಿಲ್ಲ. ಮಬ್ರೂಕಾ ಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಮದುವೆ ಮನೆಯಲ್ಲಿ ಕೂಗುವಂತೆ ನಾಲಿಗೆ ಆಡಿಸಿ ಉದ್ದಕ್ಕೆ ಕೇಕೆ ಹಾಕಿದಳು. ಬಂದರಿನಲ್ಲಿ ಬಲೆ ಹೊಲಿಯುತ್ತಿದ್ದವರು ಯಾರಿಗೆ ಮದುವೆ ಗೊತ್ತಾಯಿತೆಂದು ಬಂದು ಇಣುಕಿದರು.

ಸಂಜೆ ತೋಟಕ್ಕೆ ಮಬ್ರೂಕಾಳೂ ಬಂದಳು. ಬೆಲ್ಗಾಸಿಮ ಪಂಪನ್ನು ತಾನೇ ಬೆನ್ನಿಗೇರಿಸಿದ. ಎಲ್ಲಿ ಕಟ್ಟಿಕೊಳ್ಳುತ್ತದೋ ಎಂದು ಅವನ ಬೆರಳು ನಾಜಲ್ಲಿನ ಮೇಲೇ ಇತ್ತು. ಮೊದಲ ಮರ ಮುಗಿಯಿತು, ಎರಡನೆಯದು ಮುಗಿಯಿತು. ಇಬ್ಬನಿಯಂಥ ಹನಿ ಕಾಯಿಯ ಮೇಲೆಲ್ಲ ಒಂದೇ ಸಮ ಕುಳಿತು, ಜಾರದೆ ನಿಂತಿತು. ಅವನು ಸಾಲು ಮುಗಿದರೂ ನಿಲ್ಲದೆ ಪಕ್ಕದ ಸಾಲಿಗೆ ತಿರುಗಿದ.

"ಚಿಕ್ಕಪ್ಪ, ಒಂದೇ ಸಾಲು ಅಂದಿದ್ದೆ ನೀನು."

"ಯಾವನಂದ? ಸುಮ್ನೆ ಬಾರೇ!" ಎಂದವನು ಮಣ್ಣಿನ ಗೋಡೆಯಾಚೆಯ ನೆರೆಯವನಿಗೆ ಕೇಳುವಂತೆ ದನಿ ಏರಿಸಿದ. "ನಾಳೆ ಆ ವಿಷದೋನು ಬಂದ್ರೆ ನಿಮ್ಮ ತೋಟಕ್ಕೇ ಕರ್ಕೊಳ್ರಪ್ಪ! ನಮ್ಮನೆ ಹುಡುಗಿ ನಮಗೆ ಸಾಕು!"

ಎರಡನೆಯ ಸಾಲಿನ ನಡುವೆ ಪಂಪು ಬರಿದಾಗಿ ಬುಸುಗುಟ್ಟಿತು. ಬೆಲ್ಗಾಸಿಮ ಅದನ್ನು ಅಲ್ಲಾಡಿಸಿ, ಇನ್ನೂ ಬೇಕೆಂದು ಕೈ ಚಾಚಿದ. ಜಾಜಿಯಾ ಮಬ್ರೂಕಾಳತ್ತ ತಿರುಗಿದಳು. ಮಬ್ರೂಕಾ ಇನ್ನಷ್ಟು ಚಿಪ್ಪು ಕುಟ್ಟಲು ಅಂಗಿಯ ತೋಳು ಮಡಿಸುತ್ತ ಆಗಲೇ ಬಂದರಿನ ದಾರಿ ಹಿಡಿದಿದ್ದಳು.